ನೂರಾ ಹನ್ನೆರಡು

ಬೋರಾ ಗಾಳಿ ಎದ್ದ ದಿನ ತ್ರಿಯೆಸ್ತೆಯಲ್ಲಿ
ಬೀದಿಬದಿಗೆ ಹಗ್ಗ ಬಿಗಿಯುತ್ತಾರೆ,
ವಯಸ್ಸಾದವರು ಹಿಡಿದು ನಡೆಯಲೆಂದು.
ಕಸದ ಡಬ್ಬಿಗಳು ತಾವಾಗಿಯೇ
ಇಳಿಜಾರು ಹುಡುಕಿಕೊಂಡು ಹೋಗುತ್ತವೆ.
ಒಂದೀನಾ ಬಿದ್ದದ್ದು ಗಾಳಿಗಲ್ಲ,
ಅಡುಗೆಮನೆಯಲ್ಲಿ, ಅಂಚು ಮಡಿಚಿದ್ದ ಕಾಲೊರಸಿಗೆ ಎಡವಿ.

ನಮ್ಮ ಪರದೆಗೆ ಬಂದದ್ದು ಇಷ್ಟು:
ಹೆಂಗಸು, ಎಂಬತ್ತೇಳು, ನಿಂತಲ್ಲೇ ಬಿದ್ದಿದ್ದಾರೆ,
ಮಾತಾಡುತ್ತಿದ್ದಾರೆ. ಬಣ್ಣ, ಹಸಿರು.
ಹಸಿರೆಂದರೆ ಅವಸರವಿಲ್ಲ.
ಹಸಿರೆಂದರೆ ದುಶಾನ್ ಸೈರನ್ ಹಾಕದೆ
ಸಿಗ್ನಲ್ಲಿಗೆಲ್ಲ ಮರ್ಯಾದೆಯಿಂದ ನಿಲ್ಲುತ್ತಾನೆ.

ಐದನೇ ಮಹಡಿ. ಲಿಫ್ಟಿಲ್ಲ.
ಬಾಗಿಲಲ್ಲಿ ಕೆಳಮನೆಯ ಫೆದೋರಾ:
"ದಿನಾ ಆರಕ್ಕೆ ಕುರ್ಚಿ ಎಳೆದ ಸದ್ದು ಬರುತ್ತಿತ್ತು,
ಇವತ್ತು ಬರಲಿಲ್ಲ.
ಒಂಬತ್ತರವರೆಗೆ ನಾನೂ ಸುಮ್ಮನಿದ್ದೆ.
ಸುಮ್ಮನಿದ್ದೆನಲ್ಲಾ."

ನೆಲದ ಮೇಲೆ ಅವಳು,
ಮೇಜಿನ ಬಟ್ಟೆ ಎಳೆದು ಹೊದ್ದುಕೊಂಡು,
ಕೆನ್ನೆಯ ಮೇಲೆ ಟೈಲ್ಸಿನ ಹೂವು ಅಚ್ಚೊತ್ತಿದೆ.
"ನನಗೇನೂ ಆಗಿಲ್ಲ ಕಣಮ್ಮಾ, ಎಬ್ಬಿಸಿ ಕೂರಿಸಿದರೆ ಸಾಕು.
ನಿಮಗೆ ಬೇರೆ ಕೆಲಸ ಇರುತ್ತೆ."
ಲಂಗ ಒದ್ದೆಯಾಗಿತ್ತು. ಅದಕ್ಕೇ ನನ್ನ ಕಣ್ಣು ತಪ್ಪಿಸುತ್ತಿದ್ದಳು.
ನೀರು ತನ್ನಿ ಎಂದು ಫೆದೋರಾಳನ್ನು ಆಚೆ ಕಳಿಸಿದೆ,
ನೀರು ಬೇಕಿರಲಿಲ್ಲ.

ನಾಡಿ ಎಪ್ಪತ್ತು, ತಪ್ಪು ಹುಡುಕುವಂತಿಲ್ಲ.
ರಕ್ತದೊತ್ತಡ ನೂರಾ ಹನ್ನೆರಡು.
ನನಗೂ ಹೆಚ್ಚುಕಡಿಮೆ ಅಷ್ಟೇ. ಪುಸ್ತಕಕ್ಕೆ ಒಪ್ಪುವ ಅಂಕಿ,
ಫೆದೋರಾ ನಮ್ಮನ್ನು ಕರೆಯಲು ಒತ್ತಿದ್ದೂ ಅದೇ ಅಂಕಿ.

"ಏನು ಕೆಲಸ ಮಾಡುತ್ತಿದ್ದಿರಿ?"
ಮಾತು ತೊದಲುತ್ತದೋ ಎಂದು ನೋಡಲು ಕೇಳುವ ಪ್ರಶ್ನೆ.
"ಬಂದರಿನ ಗೋದಾಮಿನಲ್ಲಿ ಕಾಫಿ ಹಸನು ಮಾಡುತ್ತಿದ್ದೆ.
ಹಸಿರು ಬೀಜ, ಮೂಟೆ ಮೂಟೆ. ಮೂವತ್ತು ವರ್ಷ.
ಹುಳುಕು ಬೀಜ ಕಣ್ಣಿಗೆ ಕಾಣೋದಿಲ್ಲ, ತಿಳೀತಾ?
ಉಳಿದವುಗಳಷ್ಟೇ ಹಸಿರಾಗಿರುತ್ತೆ.
ಬೆರಳಿಗೆ ಹಗುರ ಅನ್ನಿಸುತ್ತೆ, ಅಷ್ಟೇ."

ಅಷ್ಟು ಹೇಳಿ ಉಸಿರಿಗಾಗಿ ನಿಂತಳು.
ಆ ನಿಲ್ಲುವುದು ನನಗೆ ಹಿಡಿಸಲಿಲ್ಲ.

ಫ್ರಿಜ್ಜಿನ ಬಾಗಿಲಲ್ಲಿ, ಮೀನಿನಾಕಾರದ ಆಯಸ್ಕಾಂತದ ಕೆಳಗೆ
ಪೆನ್ಸಿಲ್ಲಿನ ಚೀಟಿ, ವಾರವಾರವೂ ಅವಳದೇ ಕೈಬರಹ:
ನೂರಾ ಅರವತ್ತೈದು. ನೂರಾ ಎಪ್ಪತ್ತು. ನೂರಾ ಅರವತ್ತೆಂಟು.
ಪಕ್ಕದಲ್ಲಿ ಎರಡು ಡಬ್ಬಿ:
ಒಂದು ರಕ್ತ ಹೆಪ್ಪುಗಟ್ಟದಿರಲು,
ಇನ್ನೊಂದು ಎದೆ ಬೇಗ ಬಡಿಯದಿರಲು.
ಗಾಬರಿಯಾದರೂ ಓಡುವಂತಿಲ್ಲದ ಎದೆ.
ಎಪ್ಪತ್ತು ಎಂದರೆ ನೆಮ್ಮದಿಯಲ್ಲ, ಕಟ್ಟಿಹಾಕಿದ್ದು.

ಬಾಗಿದ ಬೆನ್ನಿಗೆ, ಮುಂದೆ ಚಾಚಿದ ಕೊರಳಿಗೆ
ನಮ್ಮ ಗಟ್ಟಿ ಕಾಲರ್ ಕೂರುವುದಿಲ್ಲ.
ಕೂರಿಸಹೋದರೆ ಮುರಿಯದ್ದೂ ಮುರಿದೀತು.
ಅವಳ ಟವೆಲುಗಳನ್ನೇ ಸುತ್ತಿ ಎರಡೂ ಕಡೆ ಒತ್ತಿಟ್ಟೆವು,
ತಲೆಯ ಕೆಳಗೆ ದಿಂಬು, ಅವಳು ಮಲಗುವ ಎತ್ತರಕ್ಕೆ.
"ಸ್ವೆಟರು ನಾನೇ ಹೆಣೆದದ್ದು," ಎಂದಳು.
ಕತ್ತರಿಯನ್ನು ಹೊಲಿಗೆಯ ಜಾಡಿನಲ್ಲೇ ಓಡಿಸಿದೆ.
ಎಡಪಕ್ಕೆ ನೇರಳೆಗಟ್ಟಿತ್ತು, ಅಂಗೈಯಗಲ.

ರೇಡಿಯೋದಲ್ಲಿ ಹೇಳಿದೆ: ಕೆಂಪು ಮಾಡಿ.
"ಒತ್ತಡ ಸರಿಯಾಗೇ ಇದೆಯಲ್ಲ, ನೀವೆಸ್?"
ಕೆಂಪು ಮಾಡಿ.

ಐದು ಮಹಡಿ ಇಳಿಯುವಾಗ ದುಶಾನ್ ಹಿಮ್ಮುಖ,
ಮೆಟ್ಟಿಲು ಎಣಿಸುತ್ತಾ, ಅವಳಿಗೆ ಕೇಳಿಸುವಂತೆ.
ಬೀದಿಯಲ್ಲಿ ಗಾಳಿ ಸ್ಟ್ರೆಚರನ್ನು ತನ್ನದೆಂದಿತು.
ಯಾರೋ ಇಬ್ಬರು ಹಗ್ಗ ಬಿಟ್ಟು ಬಂದು ನಮ್ಮ ಜೊತೆ ಹಿಡಿದರು.

ಗುಡ್ಡದ ಆಸ್ಪತ್ರೆಯ ದಾರಿಯುದ್ದಕ್ಕೂ
ಅವಳ ಬೆರಳು ಕಂಬಳಿಯ ಮೇಲೆ ಆರಿಸುತ್ತಿದ್ದವು,
ಏನನ್ನೋ ತೆಗೆದು ಬದಿಗಿಡುತ್ತಿದ್ದವು.
ಅದು ಒಳ್ಳೆಯ ಗುರುತಲ್ಲವೆಂದು ನಮಗೆ ಕಲಿಸಿದ್ದಾರೆ.
ಮೂವತ್ತು ವರ್ಷದ ಅಭ್ಯಾಸವೂ ಇರಬಹುದು.
ನನ್ನ ಬೆರಳನ್ನೂ ಒಮ್ಮೆ ಎತ್ತಿ ನೋಡಿದಳು,
ತೂಗಿದಂತೆ. ಇಟ್ಟುಕೊಂಡಳು.

ಎಳೆಯ ಡಾಕ್ಟರು ಅಂಕಿ ಓದಿ ಹಗುರಾದ.
ಅವನ ಹಲಗೆಯ ಮೇಲೆ ಫ್ರಿಜ್ಜಿನ ಚೀಟಿ ಇಟ್ಟೆ.
ಓದಿದ. ಮತ್ತೆ ಓದಿದ. ನಡೆಯುತ್ತಿದ್ದವನು ಓಡಿದ.

ಆಮೇಲಿನದು ನಮಗೆ ತಿಳಿಯುವುದಿಲ್ಲ.
ಗಾಡಿ ತೊಳೆಯುವಾಗ ಮೇಜಿನ ಬಟ್ಟೆ ಸಿಕ್ಕಿತು,
ನಿನ್ನೆಯ ರೊಟ್ಟಿಯ ಪುಡಿ ಅಂಟಿಕೊಂಡೇ ಇತ್ತು.
ಹೊರಗೆ ನಿಂತು, ಎರಡೂ ಕೈಯಲ್ಲಿ ಬಿಗಿಹಿಡಿದು ಕೊಡವಿದೆ.
ಗಾಳಿ ಪುಡಿಯನ್ನಷ್ಟೇ ಒಯ್ದಿತು.
ಮಡಿಚಿ ಸೀಟಿನ ಮೇಲಿಟ್ಟೆ.
ಪರದೆ ಮತ್ತೆ ಬೆಳಗಿತು:
ಗಂಡಸು, ತೊಂಬತ್ತೊಂದು, ಸ್ನಾನದ ಮನೆ,
ಹಸಿರು.